ಏಳು ನಿಮಿಷ

ಬುಧವಾರ ವೀರಾಜಪೇಟೆ ಸಂತೆಗೆ
ತಲಚೇರಿಯ ಒಣಮೀನು ಮಾಕುಟ್ಟ ಘಾಟಿ ಹತ್ತಿ ಬರುತ್ತದೆ.
ಗೋಣಿ ಬಿಚ್ಚಿದರೆ ಮೊದಲು ಏಳುವುದು ವಾಸನೆ,
ಆಮೇಲೆ ನೊಣ, ಆಮೇಲೆ ಗಿರಾಕಿ.
ಕಪ್ತಾನರು ಬರುವುದು ಹತ್ತೂವರೆಗೆ.
ಕೊಡೆ ಇರುತ್ತದೆ, ಬಿಡಿಸುವುದಿಲ್ಲ.
ಮೀನು ಮುಟ್ಟುವುದಿಲ್ಲ, ಮೂಸುತ್ತಾರೆ,
ಕಣ್ಣು ಮುಚ್ಚಿ, ದಡ ಇನ್ನೆಷ್ಟು ದೂರ ಎಂದು ಅಳೆಯುವವರ ಹಾಗೆ.

ಕೊಡಗಿನವರು ಪಟಾಲಮ್ಮಿಗೆ ಹೋಗುತ್ತಾರೆ, ಸರಿ.
ಕಡಲಿಗೆ ಹೋದವರನ್ನು ಯಾರು ಕಂಡಿದ್ದಾರೆ?
ಊರಿಗೆಲ್ಲ ಇವರು ಕಡಲ ಮೊಣ್ಣಪ್ಪ.
ಮೇಜರು ಕರ್ನಲ್ಲುಗಳ ಸಾಲಿನಲ್ಲಿ ಎಲ್ಲಿ ಕುರ್ಚಿ ಹಾಕಬೇಕೋ ತಿಳಿಯದೆ
ಮದುವೆಗಳಲ್ಲಿ ಕಿಟಕಿ ಪಕ್ಕ ಕೂರಿಸುತ್ತಾರೆ.
ಹದಿನಾರಕ್ಕೆ ಬೊಂಬಾಯಿ, ತರಬೇತಿ ಹಡಗು,
ಅಲ್ಲಿಂದ ರಂಗೂನು, ಬಸ್ರಾ, ಮೊಂಬಾಸ, ಕಾರ್ಡಿಫ್.
ಯುದ್ಧದಲ್ಲಿ ಒಮ್ಮೆ ಹಡಗು ಮುಳುಗಿ ಹನ್ನೊಂದು ದಿನ ದೋಣಿ;
ಬಿಸ್ಕತ್ತು ಹಂಚುವ ಕೆಲಸ ಇವರದು.
ಎಂಟನೆಯ ರಾತ್ರಿ ಎಲ್ಲರೂ ಮಲಗಿದಾಗ
ಒಂದು ಹೆಚ್ಚಿಗೆ ತಿಂದೆ ಪೋಕರೇ, ಎಂದರು.
ಹೆಂಡತಿಗೂ ಹೇಳಿಲ್ಲವಂತೆ.

ನಾನು ಅವರ ಹಡಗಿನಲ್ಲಿದ್ದವನು.
ಅದು ಇಬ್ಬರಿಗೂ ತಿಳಿದದ್ದು ಇಲ್ಲಿ, ಈ ತಕ್ಕಡಿಯ ಮುಂದೆ,
ಇಪ್ಪತ್ತೆರಡು ವರ್ಷ ಕಳೆದ ಮೇಲೆ.
ನನ್ನ ಮುಂಗೈಯ ಸುಟ್ಟ ಕಲೆ ನೋಡಿ
ಖಲಾಸಿಗಳ ಹಿಂದುಸ್ತಾನಿಯಲ್ಲಿ ಕೇಳಿದರು: ಯಾವ ಜಹಜು?
ಲೋಹಿತ, ಎಂದೆ.
ಕೊಡೆಯನ್ನು ಗೋಣಿಗೆ ಒರಗಿಸಿ ಕೂತುಬಿಟ್ಟರು.

ಹದಿಮೂರು ತಿಂಗಳು ಒಂದೇ ಹಡಗು.
ಅವರ ಮುಖ ನಾನು ಕಂಡಿಲ್ಲ, ನನ್ನದು ಅವರು.
ಅವರಿಗೆ ಮೇಲೆ ನಕ್ಷತ್ರ, ಬಿಳಿ ಬೂಟು, ಪಿಂಗಾಣಿಯಲ್ಲಿ ಚಹಾ.
ನಾನು ಕೆಳಗೆ ಆಗ್‌ವಾಲಾ: ಮೂರು ಒಲೆ, ಒಂದು ಸಲಿಕೆ,
ಹಲ್ಲಿನಲ್ಲಿ ಕಚ್ಚಿದ ಒದ್ದೆ ಬಟ್ಟೆ.
ಝರಿಯಾದ ಕಲ್ಲಿದ್ದಲು ಉರಿಯುವುದಕ್ಕಿಂತ ಬೂದಿಯಾಗುವುದೇ ಹೆಚ್ಚು.
ನಮ್ಮಿಬ್ಬರ ನಡುವೆ ಹಿತ್ತಾಳೆಯ ಒಂದು ಗಂಟೆ.
ಅವರು ಮೇಲೆ ಹಿಡಿ ತಿರುಗಿಸಿದರೆ
ಕೆಳಗೆ ಠಣ್ ಎಂದು ಮುಳ್ಳು ಜಿಗಿಯುತ್ತಿತ್ತು:
ಪೂರ್ತಿ ಮುಂದೆ. ಅರ್ಧ. ನಿಧಾನ.
ಪಡೆದವನ ಅಪ್ಪಣೆಯೂ ಹೀಗೇ ಇಳಿದು ಬರುತ್ತದೇನೋ,
ಕಾರಣ ಹೇಳದೆ, ಅಂದುಕೊಂಡಿದ್ದೆ.

ಕೆಂಪು ಕಡಲಿನಲ್ಲಿ ಒಂದು ಮಧ್ಯಾಹ್ನ ಗಂಟೆ ನಿಲ್ಲು ಎಂದಿತು.
ಬಂದರಿಲ್ಲ, ಮಂಜಿಲ್ಲ.
ಯಂತ್ರ ಉಸಿರು ಬಿಟ್ಟಿತು.
ನಾನು ಕಲ್ಲಿದ್ದಲ ಗುಡ್ಡೆಗೆ ಒರಗಿ ನಿದ್ದೆ ಹೋದೆ.
ಬೇತ್ರಿಯ ಹೊಳೆಯಲ್ಲಿ ಕುತ್ತಿಗೆವರೆಗೆ ನಿಂತ ಕನಸು.
ಮತ್ತೆಂದೂ ಅಂಥ ನಿದ್ದೆ ಬರಲಿಲ್ಲ.

ಪಾಳಿ ಮುಗಿಸಿ ಮೇಲೆ ಬಂದಾಗ ತಿಳಿಯಿತು,
ಇನ್ನೊಂದು ಪಾಳಿಯ ಹುಡುಗ, ಸಿಲ್ಹೆಟ್ಟಿನ ಕುರ್ಬಾನ್,
ಒಲೆಯ ಬಾಯಲ್ಲೇ ಕುಸಿದವನು,
ಅವನನ್ನು ಕಡಲಿಗೆ ಇಳಿಸಿದ್ದರು.

ಏಳು ನಿಮಿಷ, ಎಂದರು ಕಪ್ತಾನರು. ಲಾಗ್ ಪುಸ್ತಕದಲ್ಲಿದೆ.
ಸಾರಂಗನ ನಮಾಜು ಮುಗಿಯಿತು, ಹಲಗೆ ವಾಲಿಸಿದೆವು.
ಪುಸ್ತಕದಲ್ಲಿ ಬರೆಯದ್ದು ಒಂದಿದೆ.
ತಲಕಾವೇರಿಯ ತೀರ್ಥ, ಬೆರಳುದ್ದದ ಸೀಸೆ,
ನನ್ನ ಕೊನೆಗಳಿಗೆಗೆಂದು ಅವ್ವ ಕೊಟ್ಟದ್ದು,
ಅವನ ಹಿಂದೆಯೇ ಸುರಿದೆ.
ಹೊಳೆ ಹೇಗೂ ಕಡಲಿಗೇ ಹೊರಟದ್ದು ಅನ್ನಿ.
ಆದರೂ ಅಷ್ಟು ಪಡುವಣಕ್ಕೆ ಹೋದದ್ದು ಆ ಸೀಸೆಯೊಂದೇ.
ಅವನ ದೀನು ಬೇರೆ. ತಪ್ಪಾಯಿತೇ?

ಬಾಯಾರಿ ಸತ್ತವನು, ಸಾಹೇಬರೇ,
ನೀರಿನ ಜಾತಕ ಕೇಳುತ್ತಾನೆಯೇ, ಎಂದೆ.
ನನ್ನ ನಿದ್ದೆಯ ಸಂಗತಿ ಹೇಳಲಿಲ್ಲ.
ಹೇಳಬೇಕು, ಇನ್ನೊಂದು ಬುಧವಾರ.

ಸಿಗಡಿ ಹೇಗೆ?
ಕಾಲು ಕಿಲೋಗೆ ಎರಡು ರೂಪಾಯಿ.
ಕಳ್ಳ. ಏಡನ್ನಿನಲ್ಲಿ ಇದಕ್ಕೆ ಒಂದು ಬುಟ್ಟಿ ಬರುತ್ತಿತ್ತು.
ಏಡನ್ನಿಗೇ ಹೋಗಿ ತನ್ನಿ, ಎಂದು
ತಟ್ಟೆಗೆ ಕಬ್ಬಿಣದ ಕಲ್ಲು ಹಾಕಿದೆ.
ಠಣ್ ಎಂದಿತು.

ಇಬ್ಬರೂ ತಲೆ ಎತ್ತಿದೆವು.